ಪ್ರಳಯದ ಆಟಗಳೂ ಅವುಗಳ ಉಪಾಖ್ಯಾನಗಳೂ

ಪರಮಾಣು ಬಾಂಬು ನೆಲದ ಬಳಿ ಸ್ಫೋಟಿಸಿದಾಗ ಮೇಲಕ್ಕೆದ್ದ ಮಣ್ಣು, ಬೂದಿ, ಆವಿಯಾದ ಲೋಹ ಇವೆಲ್ಲವೂ ವಿಕಿರಣಶೀಲ ಪದಾರ್ಥಗಳೊಡನೆ ಬೆರೆತು, ಗಾಳಿಯಲ್ಲಿ ತೇಲಿ, ಕೊನೆಗೆ ಧೂಳಾಗಿ ಭೂಮಿಗೆ ಇಳಿಯುತ್ತವೆ. ಈ ಧೂಳಿಗೆ ಇಂಗ್ಲಿಷಿನಲ್ಲಿ ‘ಫಾಲ್‌ಔಟ್’ ಎಂದು ಹೆಸರು. ಇದೇ ಹೆಸರಿನ ವಿಡಿಯೊ ಆಟಗಳ ಸರಣಿಯೊಂದು 1997ರಿಂದ ನಡೆದುಬಂದಿದೆ. 2024ರಲ್ಲಿ ಅದು ಅಮೆಜಾನ್ ಪ್ರೈಮ್‌ನಲ್ಲಿ ಧಾರಾವಾಹಿಯಾಗಿ ಬಂದ ಮೇಲೆ, ಆಟವನ್ನು ಎಂದೂ ಆಡದ ವಿದ್ಯಾರ್ಥಿಗಳಿಗೂ ಹೆಸರು ಪರಿಚಿತವಾಗಿದೆ. ಕಥೆಯ ಪ್ರಕಾರ 2077ನೆಯ ಅಕ್ಟೋಬರ್ 23ರಂದು ಜಗತ್ತೆಲ್ಲ ಪರಮಾಣು ಯುದ್ಧದಲ್ಲಿ ಸುಟ್ಟುಹೋಗುತ್ತದೆ. ಇಲ್ಲಿ ಚರ್ಚಿಸುವ ಆಟಗಳಲ್ಲಿ, ಅದಾದ ಸುಮಾರು ಇನ್ನೂರು ವರ್ಷಗಳ ಮೇಲೆ, ಅಳಿದುಳಿದ ಜನರ ನಡುವೆ ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಅಲೆಯಬೇಕು. ಎಲ್ಲಿಗೆ ಹೋಗಬೇಕು, ಯಾರ ಪಕ್ಷ ವಹಿಸಬೇಕು ಎಂಬುದು ಅವನ ಇಚ್ಛೆಗೆ ಬಿಟ್ಟದ್ದು.

ಮೊದಲಿಗೇ ಎರಡು ಮಾತುಗಳನ್ನು ಹೇಳಿಬಿಡುವುದು ಒಳ್ಳೆಯದು. ಈ ಆಟಗಳಲ್ಲಿ ರಕ್ತಪಾತವು ವಿಶೇಷವಾಗಿದೆ. ಅಮೆರಿಕದಲ್ಲಿ ಅವನ್ನು 17 ವರ್ಷ ತುಂಬಿದವರಿಗೆಂದು ವರ್ಗೀಕರಿಸಿದ್ದಾರೆ. ಇನ್ನು, ಸರಣಿಯ ಮೂರನೆಯ ಆಟವನ್ನು ನಮ್ಮ ದೇಶದಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯು 2008ರಲ್ಲಿ ಪ್ರಕಟಿಸಿತು. ಸಾಂಸ್ಕೃತಿಕ ಸೂಕ್ಷ್ಮತೆಗಳೆಂಬುದು ಕೊಟ್ಟ ಕಾರಣ. ಅವು ಯಾವುವೆಂದು ಬಿಡಿಸಿ ಹೇಳಲಿಲ್ಲ. ಆಟದಲ್ಲಿ ಬರುವ ಎರಡು ತಲೆಯ ದನಗಳಿಗೆ ‘ಬ್ರಾಹ್ಮಿನ್’ ಎಂದು ಹೆಸರಿಟ್ಟಿರುವುದೇ ಕಾರಣವಿರಬೇಕೆಂದು ಅನೇಕರು ಊಹಿಸಿದರು.

ಪ್ರಸ್ತುತ ಲೇಖನದ ವಿಷಯ ಮೂಲ ಆಟವಲ್ಲ, ಅದರ ವಿಸ್ತರಣೆಗಳು. ಮೂಲ ಆಟವು ಮಾರಾಟವಾದ ಕೆಲವು ತಿಂಗಳ ಮೇಲೆ, ಅದಕ್ಕೆ ಹೊಸದಾಗಿ ಒಂದು ಪ್ರದೇಶ, ಒಂದು ಕಥೆ, ಹತ್ತಾರು ಪಾತ್ರಗಳನ್ನು ಸೇರಿಸಿ ಪ್ರತ್ಯೇಕ ಬೆಲೆಗೆ ಮಾರುತ್ತಾರೆ. ಇಂಟರ್ನೆಟ್ಟಿನ ಮೂಲಕ ಇಳಿಸಿಕೊಳ್ಳಬಹುದಾದ್ದರಿಂದ ಇವಕ್ಕೆ ‘ಡಿ.ಎಲ್.ಸಿ.’ ಎಂಬ ಹೆಸರು ಬಂದಿದೆ. ನಮ್ಮ ವಾಚಕರಿಗೆ ಇದು ತೀರ ಹೊಸ ಕಲ್ಪನೆಯೇನೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ನಳೋಪಾಖ್ಯಾನ ಬರುತ್ತದೆಯಷ್ಟೆ. ಅದನ್ನು ತೆಗೆದುಹಾಕಿದರೂ ಪಾಂಡವರ ಕಥೆಗೆ ಕುಂದಿಲ್ಲ. ಆದರೆ ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನು ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನ ಕಥೆಯನ್ನು ಕೇಳುವಾಗ ಮೂಲ ಕಥೆಗೆ ಬೇರೊಂದು ಬೆಳಕು ಬೀಳುತ್ತದೆ. ಒಳ್ಳೆಯ ವಿಸ್ತರಣೆಯೂ ಇಂತಹದೇ.

ಇವನ್ನು ಹೋಲಿಸುವುದು ಹೇಗೆ? ಸಾಮಾನ್ಯವಾಗಿ ಮಾಡುವ ಹೋಲಿಕೆ ಅಂಗಡಿಯ ತಕ್ಕಡಿಯದು: ಇಷ್ಟು ರೂಪಾಯಿಗೆ ಎಷ್ಟು ಗಂಟೆಯ ಆಟ, ಎಷ್ಟು ಹೊಸ ಆಯುಧ, ಎಷ್ಟು ವಿಸ್ತಾರದ ಭೂಮಿ? ಅದು ತಪ್ಪಲ್ಲ. ಆದರೆ ಈ ಲೇಖಕನು ಭೌತಶಾಸ್ತ್ರವನ್ನು ಬೋಧಿಸುವವನಾದಕಾರಣ ಬೇರೊಂದು ಒರೆಗಲ್ಲನ್ನು ಆರಿಸಿಕೊಂಡಿದ್ದಾನೆ. ಆಟದ ಹೆಸರೇ ವಿಕಿರಣದ ಧೂಳು. ಹಾಗಿರುವಾಗ ಯಾವ ವಿಸ್ತರಣೆಯು ವಿಕಿರಣವನ್ನು ಒಂದು ನಿಯಮವೆಂದು ಪರಿಗಣಿಸಿದೆ, ಯಾವುದು ಕೇವಲ ಹಸಿರು ಬಣ್ಣದ ಅಲಂಕಾರವೆಂದು ಬಳಸಿದೆ ಎಂದು ಕೇಳಬಹುದು.

ಮೂಲ ಆಟದಲ್ಲಿ ಪಾತ್ರದ ಶರೀರಕ್ಕೆ ತಗುಲಿದ ವಿಕಿರಣವನ್ನು ‘ರಾಡ್’ ಎಂಬ ಏಕಮಾನದಲ್ಲಿ ಎಣಿಸುತ್ತಾರೆ. 1000 ರಾಡ್ ಆದರೆ ಮರಣ. ರಾಡ್ ಕಲ್ಪಿತವಾದದ್ದಲ್ಲ. ಒಂದು ಗ್ರಾಮ್ ವಸ್ತುವು 100 ಎರ್ಗ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ರಾಡ್. ಈಗ ಬಳಕೆಯಲ್ಲಿರುವ ‘ಗ್ರೇ’ ಎಂಬ ಏಕಮಾನವು 100 ರಾಡ್‌ಗೆ ಸಮ. ಇಡೀ ಶರೀರಕ್ಕೆ ಅಲ್ಪಾವಧಿಯಲ್ಲಿ 400ರಿಂದ 500 ರಾಡ್ ತಗುಲಿದರೆ, ಚಿಕಿತ್ಸೆಯಿಲ್ಲದವರಲ್ಲಿ ಅರ್ಧದಷ್ಟು ಜನ ಉಳಿಯಲಾರರು. 1000ಕ್ಕೆ ಬದುಕುವ ಆಸೆಯೇ ವಿರಳ. ಈ ಮಟ್ಟಿಗೆ ಆಟದ ಲೆಕ್ಕ ನಿಜಕ್ಕೆ ದೂರವಿಲ್ಲ. ಅಸತ್ಯವಿರುವುದು ಔಷಧದಲ್ಲಿ. ‘ರಾಡ್‌ಅವೇ’ ಎಂಬ ದ್ರವವನ್ನು ರಕ್ತನಾಳಕ್ಕೆ ಇಳಿಸಿಕೊಂಡರೆ ತಗುಲಿದ ವಿಕಿರಣವೆಲ್ಲ ತೊಳೆದುಹೋಗುತ್ತದಂತೆ! ಶರೀರವನ್ನು ಹಾದುಹೋದ ಕಿರಣಗಳು ಜೀವಕೋಶಗಳಲ್ಲಿ ಮಾಡಿದ ಹಾನಿಯನ್ನು ಯಾವ ಔಷಧವೂ ಹಿಂದಕ್ಕೆ ತೆಗೆದುಕೊಳ್ಳಲಾರದು. ಶರೀರದೊಳಗೆ ಸೇರಿದ ವಿಕಿರಣಶೀಲ ಪದಾರ್ಥವನ್ನು ಹೊರಹಾಕುವುದು ಬೇರೆ ಮಾತು. ಅದು ಸ್ವಲ್ಪಮಟ್ಟಿಗೆ ಸಾಧ್ಯ. 1987ರಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಿಂದ ಗುಜರಿಗೆ ಹೋದ ಯಂತ್ರವೊಂದರಲ್ಲಿ ಸೀಸಿಯಂ-137ರ ಪುಡಿ ಇತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಅದನ್ನು ಜನರು ಹಂಚಿಕೊಂಡರು, ಮೈಗೆ ಬಳಿದುಕೊಂಡರು. ನಾಲ್ವರು ಸತ್ತರು, 249 ಮಂದಿಗೆ ಸೀಸಿಯಂ ಅಂಟಿತ್ತು. ಪ್ರಷ್ಯನ್ ಬ್ಲೂ ಎಂಬ ಸಾಮಾನ್ಯ ವರ್ಣದ್ರವ್ಯವು ಕರುಳಿನಲ್ಲಿ ಸೀಸಿಯಮನ್ನು ಹಿಡಿದುಕೊಂಡು ಬೇಗ ಹೊರಹಾಕುವುದರಿಂದ ಅದನ್ನು ರೋಗಿಗಳಿಗೆ ಕೊಟ್ಟರು. ಆಟದ ಔಷಧಕ್ಕೆ ಲೋಕದಲ್ಲಿರುವ ಅತಿ ಸಮೀಪದ ಬಂಧು ಇದೇ.

ಈಗ ‘ಫಾಲ್‌ಔಟ್ 3’ರ ವಿಸ್ತರಣೆಗಳನ್ನು ನೋಡೋಣ. 2009ರ ಜನವರಿಯಿಂದ ಆಗಸ್ಟ್‌ವರೆಗೆ ಐದು ಬಂದವು. ಅವುಗಳಲ್ಲಿ ‘ಬ್ರೋಕನ್ ಸ್ಟೀಲ್’ ಎಂಬುದು ಹುಟ್ಟಿದ್ದೇ ಒಂದು ತರ್ಕದೋಷವನ್ನು ತಿದ್ದುವುದಕ್ಕಾಗಿ ಎನ್ನಬಹುದು. ಮೂಲ ಆಟದ ಕೊನೆಯಲ್ಲಿ ವಾಷಿಂಗ್ಟನ್ ನಗರದ ನದಿಯ ನೀರನ್ನು ಶುದ್ಧಿಗೊಳಿಸುವ ಯಂತ್ರವನ್ನು ಚಾಲನೆ ಮಾಡಬೇಕು. ಯಂತ್ರವಿರುವ ಕೋಣೆಯ ತುಂಬ ಮಾರಕ ವಿಕಿರಣ. ಆಟಗಾರನ ಪಕ್ಕದಲ್ಲಿಯೇ ಫಾಕ್ಸ್ ಎಂಬ ಒಡನಾಡಿ ನಿಂತಿದ್ದಾನೆ. ಅವನಿಗೆ ವಿಕಿರಣ ತಟ್ಟುವುದಿಲ್ಲ. ಹಿಂದೊಮ್ಮೆ ಇಂತಹುದೇ ವಿಕಿರಣ ತುಂಬಿದ ನಡುಹಾದಿಯನ್ನು ದಾಟಿ ಯಂತ್ರಕ್ಕೆ ಬೇಕಾದ ಉಪಕರಣವನ್ನು ತಂದುಕೊಟ್ಟವನೂ ಅವನೇ. ‘ಒಳಗೆ ಹೋಗಿ ಬಾ’ ಎಂದರೆ, ಇದು ನಿನ್ನ ವಿಧಿ, ನಾನು ಅಡ್ಡಬರಲಾರೆ ಎನ್ನುತ್ತಾನೆ! ಆಟಗಾರರು ಸಿಟ್ಟಾದದ್ದು ಸಹಜವೇ. ಒಂದು ಜಗತ್ತಿನ ನಿಯಮವನ್ನು ಕಟ್ಟಿದವರೇ ಕಣ್ಣೀರು ತರಿಸುವುದಕ್ಕಾಗಿ ಅದನ್ನು ಮುರಿದರೆ ಕಣ್ಣೀರೂ ಬರುವುದಿಲ್ಲ. ವಿಸ್ತರಣೆಯಲ್ಲಿ ಆ ಒಡನಾಡಿಯನ್ನು ಒಳಕ್ಕೆ ಕಳಿಸಬಹುದು. ಎರಡು ವಾರದ ಮೇಲೆ ಕಥೆ ಮುಂದುವರಿಯುತ್ತದೆ. ಆಗ ಶುದ್ಧವಾದ ನೀರು ಯಾರಿಗೆ ತಲಪಿತು, ಅದರ ಹೆಸರಿನಲ್ಲಿ ನಕಲಿ ನೀರನ್ನು ಮಾರುವವರು ಯಾರು ಎಂಬ ಪ್ರಶ್ನೆಗಳೇ ಕಥೆಯಾಗುತ್ತವೆ. ನಮ್ಮ ಕಡೆಯ ಬೇಸಗೆಯನ್ನು ಬಲ್ಲವರಿಗೆ ಇದರ ರುಚಿ ಚೆನ್ನಾಗಿ ಹತ್ತುತ್ತದೆ.

ಆದರೆ ಇನ್ನೂರು ವರ್ಷಗಳಾದರೂ ಆ ನದಿಯ ನೀರು ಏಕೆ ಶುದ್ಧವಾಗಿರಲಿಲ್ಲ? ಇಲ್ಲಿ ಕಾಲದ ಪ್ರಶ್ನೆ ಬರುತ್ತದೆ. ವಿಕಿರಣಶೀಲ ಧಾತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲವೇ ಅರ್ಧಾಯು. ಧೂಳಿನಲ್ಲಿ ಬಹುಕಾಲ ಕಾಡುವ ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ, ಸ್ಟ್ರಾನ್ಷಿಯಂ-90ರದು ಸುಮಾರು 29 ವರ್ಷ. ಇನ್ನೂರು ವರ್ಷಗಳಲ್ಲಿ ಇವು ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತವೆ. ಹರಿಯುವ ನದಿಯು ಉಳಿದುದನ್ನೂ ಕಡಲಿಗೆ ಒಯ್ದಿರುತ್ತದೆ. ಅಂದಮೇಲೆ ಪ್ರತಿ ಹಳ್ಳದಲ್ಲಿಯೂ ಗೈಗರ್ ಮಾಪಕ ಕಟಕಟ ಎನ್ನುವುದು ಅಲಂಕಾರವೇ ಸರಿ.

ಕಾಲದ ಈ ಲೆಕ್ಕಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಅಳತೆಗೋಲಿದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲು ಸಾಮಾನ್ಯ ಚಪ್ಪಡಿಯಲ್ಲ, ಅಶೋಕನ ಶಾಸನವೆಂದು ತಿಳಿದುಬಂತು. ಅಂದಿಗೂ ಇಂದಿಗೂ ನಡುವೆ ಸುಮಾರು 2270 ವರ್ಷ. ಆ ಕಲ್ಲನ್ನು ಕೆತ್ತಿದ ದಿನ ಯಾರೋ ಅದರ ಪಕ್ಕದಲ್ಲಿ ಒಂದು ಗ್ರಾಮ್ ಸೀಸಿಯಂ-137 ಇಟ್ಟಿದ್ದರೆನ್ನಿ. ಅದರಲ್ಲಿ 4ರ ಮುಂದೆ 21 ಸೊನ್ನೆ ಬರೆದಷ್ಟು ಪರಮಾಣುಗಳಿರುತ್ತಿದ್ದವು. ಈ ಅವಧಿಯಲ್ಲಿ 75 ಅರ್ಧಾಯುಗಳು ಸಂದಿವೆ. 75 ಸಲ ಅರ್ಧಿಸಿದರೆ ಇಂದು ಅದರಲ್ಲಿ ಒಂದೇ ಒಂದು ಪರಮಾಣುವೂ ಉಳಿದಿರುವ ಸಂಭವ ಕಡಿಮೆ! ಅದಕ್ಕೆ ಬದಲು 100 ಗ್ರಾಮ್ ಪ್ಲುಟೋನಿಯಂ-239 ಇಟ್ಟಿದ್ದರೆ ಇಂದಿಗೂ ಸುಮಾರು 94 ಗ್ರಾಮ್ ಹಾಗೆಯೇ ಇರುತ್ತಿತ್ತು. ಅದರ ಅರ್ಧಾಯು 24,100 ವರ್ಷ. (ಅದೇ ಭೀಮಾ ಕೊಳ್ಳದ ಗೋಗಿಯಲ್ಲಿ ಪತ್ತೆಯಾಗಿರುವ ಯುರೇನಿಯಮ್ಮಿನ ಗಡಿಯಾರವಾದರೋ ಇನ್ನೂ ನಿಧಾನ, ಅದಕ್ಕೆ ಅಶೋಕನೂ ನಾವೂ ಒಂದೇ ಕ್ಷಣದವರು.) ವಿಕಿರಣವೆಂಬುದು ಒಂದೇ ವಸ್ತುವಲ್ಲ, ಬೇರೆ ಬೇರೆ ವೇಗದ ಅನೇಕ ಗಡಿಯಾರಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಗಡಿಯಾರವನ್ನು ಲಕ್ಷ್ಯದಲ್ಲಿರಿಸಿ ಬರೆದಂತೆ ತೋರುವ ವಿಸ್ತರಣೆಯೊಂದಿದೆ. ಅಬ್ಸಿಡಿಯನ್ ಸಂಸ್ಥೆಯು ರಚಿಸಿ, 2010ರಲ್ಲಿ ಹೊರಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟಕ್ಕೆ 2011ರ ಮೇ ತಿಂಗಳಲ್ಲಿ ಬಂದ ‘ಆನೆಸ್ಟ್ ಹಾರ್ಟ್ಸ್’. ಇದರ ನೆಲ ಅಮೆರಿಕದ ಯೂಟಾ ಪ್ರಾಂತದ ಜಯಾನ್ ಕಣಿವೆ. ಇಲ್ಲಿ ನದಿ ತಿಳಿಯಾಗಿದೆ, ಗಿಡಮರ ಹಸಿರಾಗಿದೆ, ಮಳೆ ಬರುತ್ತದೆ. ಇಲ್ಲಿಯ ಮುಖ್ಯ ಕಥೆ ಬುಡಕಟ್ಟುಗಳ ಕಲಹವನ್ನು ಕುರಿತದ್ದು. ಅದು ಚಿಕ್ಕದು, ಸಾಧಾರಣವಾದದ್ದು. ನಿಜವಾದ ಕಥೆ ಗುಹೆಗಳಲ್ಲಿದೆ. ಯುದ್ಧದ ದಿನ ಹೆಂಡತಿ ಮಗುವನ್ನು ಕಳೆದುಕೊಂಡ ರ‍್ಯಾಂಡಲ್ ಕ್ಲಾರ್ಕ್ ಎಂಬ ಸೈನಿಕನು ಈ ಗುಹೆಗಳಲ್ಲಿ ಅವಿತು ಬದುಕಿ, ಹತ್ತಾರು ವರ್ಷಗಳ ದಿನಚರಿಯನ್ನು ಗಣಕಗಳಲ್ಲಿ ಬರೆದಿಟ್ಟಿದ್ದಾನೆ. ಮೊದಲು ಹೊರಗೆ ಕಾಲಿಡುವಂತಿಲ್ಲ. ಕ್ರಮೇಣ ಕಣಿವೆ ಚೇತರಿಸಿಕೊಳ್ಳುತ್ತದೆ. ವೃದ್ಧಾಪ್ಯದಲ್ಲಿ, ದಿಕ್ಕಿಲ್ಲದೆ ಬಂದ ಮಕ್ಕಳ ಗುಂಪೊಂದಕ್ಕೆ ಅವನು ಕಣ್ಣಿಗೆ ಬೀಳದೆಯೇ ಔಷಧ, ಪುಸ್ತಕ, ಬುದ್ಧಿಮಾತುಗಳನ್ನು ಇಟ್ಟುಹೋಗುತ್ತಾನೆ. ಆ ಮಕ್ಕಳ ಸಂತತಿಯವರಿಗೆ ಈಗ ಅವನೇ ಗುಹೆಯ ದೇವರು. ಗುಹೆಯೊಳಗೆ ಹೋಗುವುದು ಅವರಿಗೆ ನಿಷಿದ್ಧ. ಆದಕಾರಣ ಅವನು ಬರೆದದ್ದನ್ನು ಅವರು ಓದಿಯೇ ಇಲ್ಲ.

ಇದು ಕವಿಕಲ್ಪನೆಯೆಂದು ತೋರಿದವರು ಮತ್ತೆ ಸನ್ನತಿಯ ಪೀಠವನ್ನು ನೆನೆಯಬಹುದು. ಆ ಕಲ್ಲಿನ ಮೇಲಿದ್ದ ಬರಹಗಳಲ್ಲಿ ಪರಮತಗಳನ್ನು ಗೌರವಿಸಬೇಕೆಂದು ಹೇಳುವ ಅಶೋಕನ 12ನೆಯ ಶಾಸನವೂ ಒಂದು. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಇಲ್ಲವಾದ ಕಾಲದಲ್ಲಿ ಅದನ್ನು ವಿಗ್ರಹದ ಕೆಳಗೆ ಇಟ್ಟರು. ವಿಗ್ರಹ ನಿಲ್ಲಿಸಲು ನಡುವೆ ಕುಳಿ ಕೊರೆದಾಗ ಕೆಲವು ಅಕ್ಷರಗಳು ಹೋದವು. ಅನಾದರದಿಂದ ಮಾಡಿದ್ದಲ್ಲ, ಪೂಜೆಗಾಗಿಯೇ ಮಾಡಿದ್ದು. ಸಮೀಪದ ಕನಗನಹಳ್ಳಿಯ ಮಹಾಸ್ತೂಪವೂ ಹೀಗೆಯೇ ಮಣ್ಣಿನಲ್ಲಿ ಮರೆತುಹೋಗಿ, 1990ರ ದಶಕದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ರಾಜನ ಶಿಲ್ಪದೊಡನೆ ಹೊರಬಂತು. ನಾಶವಾದ ಲೋಕದ ಮೇಲೆ ಜನ ಹೇಗೆ ಬದುಕುತ್ತಾರೆ ಎಂಬುದಕ್ಕೆ ಪರಮಾಣು ಯುದ್ಧವೇ ಬೇಕಾಗಿಲ್ಲ.

ಇದೇ ಆಟದ ಮತ್ತೊಂದು ವಿಸ್ತರಣೆಯಾದ ‘ಲೋನ್ಸಮ್ ರೋಡ್’ (2011ರ ಸೆಪ್ಟೆಂಬರ್) ಕೂಡ ನಮ್ಮ ಒರೆಗಲ್ಲಿಗೆ ನಿಲ್ಲುತ್ತದೆ, ಆದರೆ ವಿರುದ್ಧ ದಿಕ್ಕಿನಿಂದ. ಇಲ್ಲಿಯ ವಿಕಿರಣ ಹಳೆಯದಲ್ಲ. ಆಟಗಾರನ ಪಾತ್ರವೇ ಹಿಂದೊಮ್ಮೆ ಅರಿಯದೆ ಹೊತ್ತುತಂದ ಪೊಟ್ಟಣವೊಂದರಿಂದ ನೆಲದಡಿಯ ಬಾಂಬುಗಳು ಸಿಡಿದು ಊರೊಂದು ಹಾಳಾಗಿದೆ. ಈಗಲೂ ದಾರಿ ಬಿಡಿಸಿಕೊಳ್ಳಲು ಉಳಿದ ಬಾಂಬುಗಳನ್ನು ಅವನೇ ಸಿಡಿಸಬೇಕು; ಹೊಸ ಸ್ಫೋಟ, ಹೊಸ ಧೂಳು. ಕೊನೆಯಲ್ಲಿ ಕ್ಷಿಪಣಿಗಳನ್ನು ಹಾರಿಸಿದರೆ, ಅವು ಬಿದ್ದ ಪ್ರದೇಶ ಆಟದಲ್ಲಿ ಹೊಸದಾಗಿ ತೆರೆದುಕೊಳ್ಳುತ್ತದೆ, ಹೋಗಿ ನೋಡಬಹುದು. ಲೆಕ್ಕ ಸರಿಯಾಗಿದೆ, ಹೊಣೆಯೂ ಸರಿಯಾದವನ ಮೇಲಿದೆ.

2016ರ ಮೇ ತಿಂಗಳಲ್ಲಿ ‘ಫಾಲ್‌ಔಟ್ 4’ಕ್ಕೆ ಬಂದ ‘ಫಾರ್ ಹಾರ್ಬರ್’ನಲ್ಲಿ ದ್ವೀಪವೊಂದನ್ನು ವಿಕಿರಣಶೀಲ ಮಂಜು ಮುಸುಕಿದೆ. ಊರಿನವರು ಯಂತ್ರಗಳಿಂದ ಅದನ್ನು ತಡೆಹಿಡಿದಿದ್ದಾರೆ; ಇನ್ನೊಂದು ಪಂಥದವರಿಗೆ ಅದೇ ಪರಮಾಣುದೇವರ ಪ್ರಸಾದ. ಮಂಜೆಂದರೆ ನೀರಿನ ಸೂಕ್ಷ್ಮ ಹನಿಗಳು. ಅವು ನೆಲಕ್ಕಿಳಿಯುವಾಗ ವಿಕಿರಣಶೀಲ ಕಣಗಳನ್ನೂ ಇಳಿಸಿಬಿಡುತ್ತವೆ. ಎಡೆಬಿಡದೆ ಪೂರೈಸುವ ಆಕರವೊಂದಿಲ್ಲದೆ 210 ವರ್ಷ ಮಂಜು ವಿಷವಾಗಿರಲಾರದು. ಭೌತಶಾಸ್ತ್ರದಲ್ಲಿ ಇದಕ್ಕೆ ಅಂಕ ಕಡಿಮೆ. ಆದರೂ ಮೂರು ಪಂಗಡಗಳ ನಡುವೆ ಯಾರಿಗೂ ಸುಳ್ಳು ಹೇಳದೆ ಶಾಂತಿ ತರುವುದು ಎಷ್ಟು ಕಷ್ಟ ಎಂಬುದನ್ನು ಈ ಕಥೆ ತೋರಿಸುವಷ್ಟು ಚೆನ್ನಾಗಿ ಅದೇ ಆಟದ ಬೇರೆ ಯಾವ ವಿಸ್ತರಣೆಯೂ ತೋರಿಸಿಲ್ಲ. ಒರೆಗಲ್ಲು ಚಿನ್ನವನ್ನು ಪರೀಕ್ಷಿಸುತ್ತದೆಯೇ ಹೊರತು ಒಡವೆಯ ಕೆಲಸವನ್ನಲ್ಲ.

ಉಳಿದವುಗಳ ವಿಷಯ ಸಂಕ್ಷೇಪವಾಗಿ ಸಾಕು. ‘ದಿ ಪಿಟ್’ ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳ ನಡುವೆ ಗುಲಾಮರನ್ನೂ, ಅವರ ರೋಗಕ್ಕೆ ಮದ್ದಾಗಬಲ್ಲ ಒಂದು ಹಸುಗೂಸನ್ನೂ ಮುಂದಿಟ್ಟು ಯಾವ ಕಡೆ ಸೇರಿದರೂ ಮನಸ್ಸು ಕದಡುವಂತೆ ಮಾಡುತ್ತದೆ. ‘ಡೆಡ್ ಮನಿ’ ಆಟಗಾರನು ಕೂಡಿಟ್ಟದ್ದನ್ನೆಲ್ಲ ಕಸಿದುಕೊಂಡು ಬರಿಗೈಯಲ್ಲಿ ನಿಲ್ಲಿಸುತ್ತದೆ. ಅಲ್ಲಿಯ ಕೆಂಪು ಮೋಡ ವಿಷಾನಿಲವೇ ಹೊರತು ವಿಕಿರಣವಲ್ಲ. ‘ಆಪರೇಷನ್ ಆ್ಯಂಕರೇಜ್’ ಮತ್ತು ‘ಮದರ್‌ಶಿಪ್ ಝೀಟಾ’ ಗುಂಡು ಹಾರಿಸುವ ವಿನೋದಗಳು. ಎರಡನೆಯದರಲ್ಲಿ ಅನ್ಯಗ್ರಹದವರು ಬಂದು ಇದ್ದಬದ್ದ ನಿಯಮವನ್ನೂ ಕೆಡಿಸಿದ್ದಾರೆ. ‘ಫಾಲ್‌ಔಟ್ 4’ರ ಮೂರು ಕಾರ್ಯಾಗಾರ ವಿಸ್ತರಣೆಗಳಲ್ಲಿ ಬಹುಭಾಗ ಮನೆ ಕಟ್ಟುವ ಸಾಮಾನು.

‘ನ್ಯೂ ವೇಗಸ್’ನ ನಾಲ್ಕು ಕಥಾವಿಸ್ತರಣೆಗಳೂ ಮೂಲ ಆಟದೊಡನೆ ಒಂದೇ ಕಟ್ಟಿನಲ್ಲಿ 2012ರಿಂದ ದೊರೆಯುತ್ತಿವೆ. ಜಯಾನ್ ಕಣಿವೆಗೆ ಹೋಗುವ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿಕೊಂಡು ಹೋಗಲಿ. ಸ್ಫೋಟದ ಧೂಳಿನ ವಿಕಿರಣವು, ಕಾಲವು ಏಳು ಪಟ್ಟು ಆದಾಗಲೆಲ್ಲ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗಂಟೆಯ ಮೇಲೆ ಗಂಟೆಗೆ 700 ರಾಡ್ ಇದ್ದದ್ದು 7 ಗಂಟೆಗೆ 70, 49 ಗಂಟೆಗೆ 7, 343 ಗಂಟೆಗೆ, ಎಂದರೆ ಎರಡು ವಾರಕ್ಕೆ, 0.7. ಕ್ಲಾರ್ಕನ ದಿನಚರಿಯ ಮೊದಲ ಬರಹಗಳನ್ನು ಈ ಅಂಕಿಗಳೊಡನೆ ಇಟ್ಟು ಓದಿ, ಅವನು ಎಷ್ಟು ದಿನ ಗುಹೆಯಲ್ಲಿರಬೇಕಾಗಿತ್ತು ಎಂಬುದನ್ನು ತಾವೇ ನಿರ್ಣಯಿಸಬಹುದು.