ಕಾಂಕಾರ್ಡ್ ಚೌಕದ ನಡುವೆ

ಅರಸನೊಬ್ಬನ ಕೀರ್ತಿಗಾಗಿ ನಿರ್ಮಿತವಾದ ಚೌಕದಲ್ಲಿಯೇ ಅವನ ಮೊಮ್ಮಗನ ಶಿರಶ್ಛೇದವಾಯಿತೆಂದಮೇಲೆ, ಆ ಚೌಕದ ನಡುಮಧ್ಯದಲ್ಲಿ ಇನ್ನೇನನ್ನು ನಿಲ್ಲಿಸಬೇಕು? ಪ್ಯಾರಿಸ್ ನಗರದ ಕಾಂಕಾರ್ಡ್ ಚೌಕವು ಇಂದು ಕಾಣುವ ರೂಪವನ್ನು ತಾಳಿದ್ದು ಈ ಒಂದು ಪ್ರಶ್ನೆಯ ಒತ್ತಡದಿಂದಲೇ ಎಂದು ನನ್ನ ದೃಢವಾದ ಅಭಿಪ್ರಾಯ.

ಹದಿನೈದನೆಯ ಲೂಯಿ 1744ರಲ್ಲಿ ಮೆಟ್ಸ್ ನಗರದಲ್ಲಿ ಮರಣಾಂತಿಕ ವ್ಯಾಧಿಗೆ ತುತ್ತಾಗಿ, ಪ್ರಜೆಗಳ ಪ್ರಾರ್ಥನೆಯ ನಡುವೆ ಚೇತರಿಸಿಕೊಂಡನಷ್ಟೆ. ಆ ಸಂತೋಷದ ಸ್ಮಾರಕವಾಗಿ ಅವನ ಅಶ್ವಾರೂಢ ಪ್ರತಿಮೆಯೊಂದನ್ನು ಸ್ಥಾಪಿಸಲು ಪ್ಯಾರಿಸ್ಸಿನ ಪೌರರು 1748ರಲ್ಲಿ ಸಂಕಲ್ಪಿಸಿದರು. ಚೌಕದ ರಚನೆಯ ಭಾರ ವಾಸ್ತುಶಿಲ್ಪಿ ಗಬ್ರಿಯೇಲನ ಮೇಲೆ ಬಿತ್ತು. ಅದುವರೆಗಿನ ಬಹುಪಾಲು ರಾಜಚೌಕಗಳು ನಾಲ್ಕು ಕಡೆಯೂ ಕಟ್ಟಡಗಳಿಂದ ಆವೃತವಾದ ಅಂಗಳಗಳಂತಿದ್ದರೆ, ಗಬ್ರಿಯೇಲನು ಉತ್ತರ ದಿಕ್ಕಿಗೆ ಮಾತ್ರ ಸ್ತಂಭಪಂಕ್ತಿಗಳ ಜೋಡಿ ಸೌಧಗಳನ್ನು ನಿಲ್ಲಿಸಿ, ಮೂಡಲಿನ ಟ್ಯುಲರೀಸ್ ಉದ್ಯಾನ, ಪಡುವಲಿನ ಷಾಂಝೆಲಿಝೆ ಸಾಲುಮರಗಳು, ತೆಂಕಣದ ಸೀನ್ ನದಿ ಇವುಗಳಿಗೆ ಚೌಕವನ್ನು ತೆರೆದಿಟ್ಟನು. ಗೋಡೆಗೆ ಬದಲಾಗಿ, ಕಲ್ಲಿನ ಕಟಾಂಜನವುಳ್ಳ ನೀರಿಲ್ಲದ ಕಂದಕಗಳಿಂದ ಅದಕ್ಕೆ ಅಷ್ಟಕೋನದ ಮೇರೆಯನ್ನು ಕಟ್ಟಿದನು. ಬೂಶಾರ್ದೋಂ ಎಂಬ ಶಿಲ್ಪಿ ರೂಪಿಸಿದ ಪ್ರತಿಮೆ 1763ರಲ್ಲಿ ಅನಾವರಣಗೊಂಡಿತು.

ಆದರೆ ಈ ನೆಲಕ್ಕೆ ದುಃಖವು ಬಹುಬೇಗ ಪರಿಚಿತವಾಯಿತು. 1770ರ ಮೇ ತಿಂಗಳಲ್ಲಿ, ಯುವರಾಜನಿಗೂ ಆಸ್ಟ್ರಿಯದ ರಾಜಕುಮಾರಿ ಮಾರಿ ಆಂತ್ವಾನೆತ್‌ಳಿಗೂ ನಡೆದ ವಿವಾಹದ ಸಂಭ್ರಮಕ್ಕೆಂದು ಇಲ್ಲಿ ಬಾಣಬಿರುಸುಗಳನ್ನು ಹಾರಿಸಿದಾಗ, ನೆರೆದ ಜನಸಾಗರ ಒಂದೇ ಬೀದಿಯತ್ತ ನುಗ್ಗಿ, ತುಳಿತಕ್ಕೆ ಸಿಕ್ಕು ನೂರಕ್ಕೂ ಮಿಕ್ಕಿ ಜನ ಮಡಿದರು. ಆ ಯುವರಾಜನೇ ಹದಿನಾರನೆಯ ಲೂಯಿಯಾಗಿ ಪಟ್ಟವೇರಿ, 1788ರಲ್ಲಿ ನಮ್ಮ ಮೈಸೂರಿನಿಂದ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳನ್ನು ವರ್ಸೇ ಅರಮನೆಯಲ್ಲಿ ಬರಮಾಡಿಕೊಂಡವನು. ಅದಾದ ಐದು ವರ್ಷಗಳೊಳಗೆ, 1793ರ ಜನವರಿ 21ರಂದು, ಕ್ರಾಂತಿಕಾರರು ಅಜ್ಜನ ಪ್ರತಿಮೆಯನ್ನು ಆಗಲೇ ಕೆಡವಿಹಾಕಿದ್ದ ಬರಿಯ ಪೀಠದ ಸಮೀಪದಲ್ಲಿ ಗಿಲೊಟಿನ್ ಯಂತ್ರಕ್ಕೆ ಅವನು ತಲೆಯೊಡ್ಡಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಣಿಯೂ, ಮರುವರ್ಷ ಕ್ರಾಂತಿಯ ಮುಂದಾಳು ರೊಬೆಸ್ಪಿಯೇರನೂ ಇಲ್ಲಿಯೇ ಹತರಾದರು. ಚೌಕಕ್ಕೆ ಕ್ರಾಂತಿಯ ಹೆಸರು ಬಂತು, 1795ರಲ್ಲಿ ಸಾಮರಸ್ಯವೆಂಬ ಅರ್ಥದ ಕಾಂಕಾರ್ಡ್ ಎಂಬ ಹೆಸರು ಬಂತು, ದೊರೆಗಳು ಮರಳಿದಾಗ ದೊರೆಗಳ ಹೆಸರೂ ಮರಳಿತು. ಹತನಾದ ಅರಸನಿಗೊಂದು ಸ್ಮಾರಕವನ್ನು ಕಟ್ಟಲು 1826ರಲ್ಲಿ ಆರಂಭಿಸಿದ್ದು 1830ರ ಕ್ರಾಂತಿಯಿಂದ ನಿಂತೇಹೋಯಿತು.

ಆ ಕ್ರಾಂತಿಯಿಂದ ಪಟ್ಟವೇರಿದ ಲೂಯಿ ಫಿಲಿಪ್ ದೊರೆಯ ವಿವೇಕವನ್ನು ಇಲ್ಲಿ ಮೆಚ್ಚಲೇಬೇಕು. ಯಾವ ಪಕ್ಷದ ಗಾಯವನ್ನೂ ಕೆದಕದ, ಫ್ರಾನ್ಸಿನ ಕಲಹಗಳಿಗೆ ಏನೇನೂ ಸಂಬಂಧವಿಲ್ಲದ ವಸ್ತುವೊಂದು ಅವನಿಗೆ ಬೇಕಾಗಿದ್ದಿತು. ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿಯು ಕಾಣಿಕೆಯಾಗಿ ಇತ್ತಿದ್ದ, ಲಕ್ಸರ್ ದೇವಾಲಯದ ಮುಂದೆ ಎರಡನೆಯ ರಾಮ್ಸೆಸ್ ನಿಲ್ಲಿಸಿದ್ದ ಜೋಡಿಕಂಬಗಳಲ್ಲಿ ಒಂದು ಆಗ ಒದಗಿಬಂತು. ಸುಮಾರು 23 ಮೀಟರ್ ಎತ್ತರದ, 220 ಟನ್ನಿಗೂ ಮೀರಿ ತೂಗುವ ಆ ಏಕಶಿಲೆಯನ್ನು ಹೊತ್ತುತರಲೆಂದೇ ಹಡಗೊಂದನ್ನು ಕಟ್ಟಲಾಯಿತು. 1836ರ ಅಕ್ಟೋಬರ್ 25ರಂದು, ಅಪಾರ ಜನಸ್ತೋಮವು ಉಸಿರು ಬಿಗಿಹಿಡಿದು ನೋಡುತ್ತಿರಲು, ದೊರೆಯು ನೌಕಾ ಸಚಿವಾಲಯದ ಉಪ್ಪರಿಗೆಯಲ್ಲಿ ಕುಳಿತಿರಲು, ಲೆಬಾ ಎಂಬ ಇಂಜಿನಿಯರನು ಹಗ್ಗ, ರಾಟೆ, ತಿರುಗಣೆಗಳ ನೆರವಿನಿಂದ ಅದನ್ನು ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದನು. ಆ ಗ್ರಾನೈಟ್ ಪೀಠವನ್ನು ಹತ್ತಿರದಿಂದ ನೋಡಬೇಕು: ಯಾವ ದೇವತೆಯ, ಯಾವ ವಿಜಯದ ಚಿತ್ರವೂ ಅಲ್ಲಿಲ್ಲ, ಕಂಬವನ್ನು ಹೇಗೆ ಇಳಿಸಿದರು, ಹೇಗೆ ಸಾಗಿಸಿದರು, ಹೇಗೆ ಎತ್ತಿದರು ಎಂಬುದರ ರೇಖಾಚಿತ್ರಗಳನ್ನು, ತೊಲೆಗಳು, ಹಗ್ಗಗಳ ಸಹಿತ, ಕೊರೆದು ಹೊನ್ನಿನ ಬಣ್ಣ ತುಂಬಿದ್ದಾರೆ. ರಾಜಕೀಯವೆಲ್ಲವೂ ಸೋತ ಸ್ಥಳದಲ್ಲಿ ಕೆಲಸಗಾರರ ಕೌಶಲವೊಂದೇ ಎಲ್ಲರೂ ಒಪ್ಪಬಹುದಾದ ಕಥೆಯಾಗಿ ಉಳಿಯಿತು.

ಉಳಿದ ಅಲಂಕಾರವೆಲ್ಲ ಇತ್ತೋರ್ಫ್ ಎಂಬ ವಾಸ್ತುಶಿಲ್ಪಿಯದು. 1840ರ ವೇಳೆಗೆ ಅವನು ಕಂಬದ ಎರಡು ಮಗ್ಗುಲಲ್ಲಿ, ನದಿಗಳಿಗೊಂದು ಕಡಲುಗಳಿಗೊಂದು ಎಂದು, ಎರಡು ಕಾರಂಜಿಗಳನ್ನು ಇರಿಸಿದನು. ಗಬ್ರಿಯೇಲನ ಕಂದಕಗಳ ಮೂಲೆಗಳಲ್ಲಿದ್ದ ಎಂಟು ಕಾವಲುಮಂಟಪಗಳ ಮೇಲೆ ಫ್ರಾನ್ಸಿನ ಎಂಟು ನಗರಗಳು ಸ್ತ್ರೀರೂಪದಲ್ಲಿ ಆಸೀನವಾದವು. ಆದರೂ ರಾಜಕೀಯ ಪೂರ್ತಿ ತೊಲಗಲಿಲ್ಲ: ಸ್ಟ್ರಾಸ್‌ಬೂರ್ಗ್ ನಗರವು 1871ರಲ್ಲಿ ಜರ್ಮನಿಯ ಪಾಲಾದ ಮೇಲೆ, ಜನರು ಅದರ ಪ್ರತಿಮೆಗೆ ಶೋಕದ ಕಪ್ಪುವಸ್ತ್ರವನ್ನೂ ಹೂಮಾಲೆಗಳನ್ನೂ ತೊಡಿಸಿ, 1918ರ ತನಕ ಆ ವ್ರತವನ್ನು ನಡೆಸಿಕೊಂಡು ಬಂದರು.

ನಷ್ಟವೊಂದನ್ನು ಹೇಳದೆ ಇರಲಾರೆ. ಗಾಡಿಗಳ ಸಂಚಾರ ಹೆಚ್ಚಿ, ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, 1854ರಲ್ಲಿ, ಕಂದಕಗಳನ್ನು ಮಣ್ಣು ತುಂಬಿಸಿ ಸಮ ಮಾಡಿದರು. ಅಷ್ಟಕೋನ ಅಳಿಯಿತು, ಮೇರೆಯಲ್ಲಿ ಕುಳಿತಿದ್ದ ನಗರದೇವಿಯರು ಬಯಲಿನಲ್ಲಿ ಬಿಡಿಬಿಡಿಯಾದರು, ಕಾಲುನಡಿಗೆಯವರು ಓಡಾಡುತ್ತಿದ್ದ ಅಂಗಳವು ವಾಹನಗಳು ಸುತ್ತುವ ಹರವಾಯಿತು. 2024ರ ಒಲಿಂಪಿಕ್ ಕ್ರೀಡೆಗಳಿಗಾಗಿ ವಾಹನಗಳನ್ನು ತಡೆದು, ಸ್ಕೇಟ್‌ಬೋರ್ಡಿನಂಥ ಪಂದ್ಯಗಳನ್ನು ಆಡಿಸಿದ ಆ ಕೆಲವು ವಾರಗಳಲ್ಲಿ, ಕಂಬದ ಸುತ್ತಲಿನ ನೆಲವು ಮತ್ತೆ ಮನುಷ್ಯರ ವಶವಾಗಿದ್ದಿತು.