ಹೆರಿಗೆಮನೆಯ ಜೊತೆಗಾತಿ

ಸೂಲು ಎಂಬುದು ಅಚ್ಚ ದ್ರಾವಿಡ ಮಾತು. ತಮಿಳರಿಗೆ ಅದು ಚೂಲ್, ತೆಲುಗರಿಗೆ ಚೂಲು. ಅವರ ತೊಲಿಚೂಲು, ನಮ್ಮ ಚೊಚ್ಚಲು ಎರಡೂ ಮೊದಲ ಬಸಿರಿಗೇ ಸಂದ ಹೆಸರುಗಳು. ಒಕ್ಕಲಗಿತ್ತಿ, ಹೂವಾಡಗಿತ್ತಿ ಎಂಬ ಮಾತುಗಳು ಹುಟ್ಟಿದ ದಾರಿಯಲ್ಲಿಯೇ ಸೂಲಗಿತ್ತಿಯೂ ಹುಟ್ಟಿದ್ದಾಳೆ. ನಿಘಂಟನ್ನು ತೆರೆದರೆ 'ಹೆರಿಗೆ ಮಾಡಿಸುವವಳು' ಎಂಬ ಅರ್ಥ ಸಿಗುತ್ತದೆ. ಅರ್ಥವೇನೋ ತಪ್ಪಲ್ಲ, ಆದರೆ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಆಕೆ ನಡೆಸುತ್ತಿದ್ದ ಬಾಳನ್ನು ಬಲ್ಲವರಿಗೆ ಅದು ಅರೆಪಾಲು ಅರ್ಥವೆಂದು ತೋರದಿರದು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಒಂದರ ಮಗ್ಗುಲಿಗೆ ದೇವದುರ್ಗ, ಇನ್ನೊಂದರ ಮಗ್ಗುಲಿಗೆ ಮಾನ್ವಿ. ಈ ಎರಡು ಹೊಳೆಗಳ ನಡುವಿನ ಊರುಗಳಲ್ಲಿ ಬೇನೆ ಮೊದಲಾಯಿತೆಂದರೆ, ಹೊತ್ತು ಯಾವುದೇ ಇರಲಿ, ಕಂದೀಲು ಹಿಡಿದು ಒಬ್ಬರು ಸೂಲಗಿತ್ತಿಯ ಮನೆಗೆ ಓಡುತ್ತಿದ್ದರು. ಬಂದವಳು ಮೊದಲು ಮಾಡುತ್ತಿದ್ದ ಕೆಲಸ ಹೆರಿಗೆಯದಲ್ಲ. ಕೋಣೆಯಲ್ಲಿ ನೆರೆದು ಗಾಬರಿ ಹುಟ್ಟಿಸುತ್ತಿದ್ದವರನ್ನು ಹೊರಗೆ ಕಳಿಸುವುದು. ಆಮೇಲೆ ಹೆಣ್ಣುಮಗಳ ಬೆನ್ನಿಗೆ ಬೆನ್ನಾಗಿ ಕೂಡುವಳು, ಸೊಂಟ ತಿಕ್ಕುವಳು, ಹೆಗಲು ಕೊಟ್ಟು ನಾಲ್ಕು ಹೆಜ್ಜೆ ನಡೆಸುವಳು. "ಹೆದರಬ್ಯಾಡವ್ವ, ನಾ ಇಲ್ಲೇ ಅದೀನಿ" ಎಂಬ ಒಂದೇ ಮಾತನ್ನು ರಾತ್ರಿಯೆಲ್ಲ ನೂರು ಬಗೆಯಲ್ಲಿ ಹೇಳುವಳು. ಕೂಸು ಹುಟ್ಟಿದ ಮೇಲೂ ಆಕೆಯ ಪಾಳಿ ಮುಗಿಯುತ್ತಿರಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಕಾಲಮೇಲೆ ಕೂಸನ್ನು ಮಲಗಿಸಿ ಎರೆಯುವುದು, ಲೋಬಾನದ ಹೊಗೆ ಕೊಡುವುದು, ಮೊಲೆ ಹಿಡಿಯದ ಕೂಸಿಗೆ ಹಿಡಿಸುವುದು, ಕಾರಣವಿಲ್ಲದೆ ಅಳುವ ಚೊಚ್ಚಲ ಬಾಣಂತಿಯ ಮಗ್ಗುಲಲ್ಲಿ ಸುಮ್ಮನೆ ಕೂಡುವುದು. ಇಷ್ಟಕ್ಕೆ ಆಕೆಗೆ ದೊರೆಯುತ್ತಿದ್ದುದು ಮೊರದ ತುಂಬ ಜೋಳ, ಒಂದು ಕುಬಸದ ಕಣ, ಎಲೆ ಅಡಿಕೆ.

ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಕೊಂಡಾಡುವುದು ನನ್ನ ಉದ್ದೇಶವಲ್ಲ. ಸೂಲಗಿತ್ತಿಯರಲ್ಲಿ ಬಹುಮಂದಿ ಕೆಳಗೆ ತಳ್ಳಲ್ಪಟ್ಟ ಜಾತಿಗಳವರು. ನೋವಿನ ಹೊತ್ತಿನಲ್ಲಿ ಆ ಕೈಗೆ ಮೈಲಿಗೆ ಇರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಅದೇ ಕೈ ಅಂಗಳದಲ್ಲಿ ನಿಲ್ಲಬೇಕಾಗಿತ್ತು. ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ, ಬಾಣಂತಿಗೆ ನೀರು ಕಡಿಮೆ ಕೊಡುವ, ಕೂಸಿನ ಹೊಟ್ಟೆಗೆ ಬರೆ ಹಾಕುವ ಪದ್ಧತಿಗಳೂ ಆ ಕತ್ತಲೆಕೋಣೆಯಲ್ಲಿಯೇ ಇದ್ದವು. ರಕ್ತ ನಿಲ್ಲದೆ ಹೋದಾಗ, ನಂಜು ತಲೆಗೇರಿದಾಗ, ಕೂಸು ಅಡ್ಡ ಬಂದಾಗ ಆಕೆಯ ಬಳಿ ಉಪಾಯವಿರಲಿಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅಂತಹ ಕೈಗಳು ಲಕ್ಷಕ್ಕೊಂದು. ಉಳಿದೆಡೆ ಎಷ್ಟು ತಾಯಂದಿರು ಹೋದರೆಂಬ ಲೆಕ್ಕವನ್ನು ಇಟ್ಟವರಿಲ್ಲ.

ಆದ್ದರಿಂದ ಹೆರಿಗೆ ಆಸ್ಪತ್ರೆಗೆ ಹೋದುದು ಒಳ್ಳೆಯದೇ ಆಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು, ಅದರ ಬೆನ್ನಿಗೆ ಆಶಾ ಕಾರ್ಯಕರ್ತೆಯರು, ಮಡಿಲು ಕಿಟ್ಟು, 108ರ ಗಾಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2005-06ರ ಸುಮಾರಿಗೆ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-20ರ ಹೊತ್ತಿಗೆ 97ಕ್ಕೆ ಏರಿದವು. ಒಂದೂವರೆ ದಶಕದಲ್ಲಿ ಇಷ್ಟು ದೊಡ್ಡ ಪಲ್ಲಟ ನಮ್ಮ ಹೆಂಗಸರ ಬಾಳಿನಲ್ಲಿ ಬೇರೆ ಯಾವ ವಿಷಯದಲ್ಲಿ ನಡೆದಿದೆ?

ಆದರೆ ಈ ಅವಸರದಲ್ಲಿ ನಾವು ಒಂದು ವಿವೇಚನೆಯನ್ನು ಮರೆತೆವು. ಸೂಲಗಿತ್ತಿಯ ಕಸುಬಿನಲ್ಲಿ ಎರಡು ಎಳೆಗಳಿದ್ದವು. ಒಂದು ಕೂಸನ್ನು ತೆಗೆಯುವುದು. ಇನ್ನೊಂದು ತಾಯಿಯ ಜೊತೆಗಿರುವುದು. ಮೊದಲನೆಯದನ್ನು ದಾದಿಯರು, ವೈದ್ಯರು ವಹಿಸಿಕೊಂಡರು, ಆಕೆಗಿಂತ ಚೆನ್ನಾಗಿಯೇ ವಹಿಸಿಕೊಂಡರು. ಎರಡನೆಯದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಗಾಡಿಯಲ್ಲಿ ಕೂಡಿ ಬಂದ ಅವ್ವ, ಅತ್ತೆ, ಆಶಾ ಎಲ್ಲರೂ ಹೆರಿಗೆಕೋಣೆಯ ಬಾಗಿಲಿಗೆ ನಿಲ್ಲುತ್ತಾರೆ. ಹದಿನೆಂಟು ಹತ್ತೊಂಬತ್ತರ ಹುಡುಗಿ ಒಬ್ಬಳೇ ಒಳಗೆ ಹೋಗುತ್ತಾಳೆ. ಒಬ್ಬ ದಾದಿಗೆ ನಾಲ್ಕಾರು ಮಂಚಗಳಿದ್ದರೆ ಯಾರ ಸೊಂಟವನ್ನು ಆಕೆ ತಿಕ್ಕಬೇಕು? ಗದರಿಸಿದರೆ ತಪ್ಪು ಆಕೆಯೊಬ್ಬಳದೇ ಎಂದು ಹೇಳಲು ನನಗೆ ನಾಲಗೆ ಬಾರದು.

ವಿಚಿತ್ರವೆಂದರೆ, ನಾವು ಬಾಗಿಲ ಹೊರಗೆ ನಿಲ್ಲಿಸಿದ ಈ ಜೊತೆಯನ್ನು ಪಶ್ಚಿಮದವರು ಹೊಸದಾಗಿ ಕಂಡುಕೊಂಡು ಅದಕ್ಕೆ 'ಡೂಲಾ' ಎಂದು ಹೆಸರಿಟ್ಟಿದ್ದಾರೆ. ಗ್ರೀಕಿನಲ್ಲಿ ಅದರ ಮೂಲಾರ್ಥ ದಾಸಿ. ಡೇನಾ ರಾಫೆಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1973ರ ತನ್ನ ಪುಸ್ತಕದಲ್ಲಿ ಈ ಮಾತನ್ನು ಬಳಕೆಗೆ ತಂದಳು. ಡೂಲಾ ಹೆರಿಗೆ ಮಾಡಿಸುವುದಿಲ್ಲ, ಔಷಧ ಕೊಡುವುದಿಲ್ಲ. ಬೇನೆಯಿಂದ ಬಾಣಂತನದವರೆಗೆ ಜೊತೆಗಿರುತ್ತಾಳೆ, ಅಷ್ಟೆ. ಆ 'ಅಷ್ಟೆ'ಯ ತೂಕವನ್ನು ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಕೆನೆಲ್, ಕ್ಲಾಸ್ ಮೊದಲಾದ ವೈದ್ಯರು ಅಳೆದರು. 1980ರಲ್ಲಿ ಅವರು ಪ್ರಕಟಿಸಿದಂತೆ, ತೊಡಕಿಲ್ಲದ ಹೆರಿಗೆಗಳಲ್ಲಿ ಒಂಟಿಯಾಗಿದ್ದವರಿಗೆ ಆಸ್ಪತ್ರೆ ಸೇರಿದಂದಿನಿಂದ ಸರಾಸರಿ 19 ಗಂಟೆ ಹಿಡಿದರೆ, ಜೊತೆಯಿದ್ದವರಿಗೆ ಹಿಡಿದದ್ದು 9 ಗಂಟೆಗೂ ಕಡಿಮೆ. ಜೊತೆಯಾದವಳು ವೈದ್ಯಕೀಯ ಕಲಿತವಳೂ ಅಲ್ಲ, ಗರ್ಭಿಣಿಯ ಪರಿಚಯದವಳೂ ಅಲ್ಲ. ಆ ಪ್ರಯೋಗ ಚಿಕ್ಕದು, ನಿಜ. ಆದರೆ 2017ರಲ್ಲಿ 17 ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಎಡೆಬಿಡದ ಜೊತೆ ಇದ್ದಲ್ಲಿ ಸಹಜ ಹೆರಿಗೆ ಹೆಚ್ಚು, ಹೊಟ್ಟೆ ಕೊಯ್ಯುವುದು ಕಡಿಮೆ ಎಂದೇ ಕಂಡುಬಂದಿತು.

ಈಗ ಬೆಂಗಳೂರಿನಂತಹ ನಗರಗಳಲ್ಲಿ ಉಳ್ಳವರು ಹಣ ಕೊಟ್ಟು ಡೂಲಾರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದರ ಅಗತ್ಯ ಹೆಚ್ಚಾಗಿರುವುದು ಎಲ್ಲಿ? ದೇವದುರ್ಗ, ಮಾನ್ವಿಗಳಿಂದ ಪ್ರತಿ ಬೇಸಗೆಯಲ್ಲಿ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಬಸುರಿಯರೂ ಇರುತ್ತಾರೆ. ಕುಬಸದ ಶಾಸ್ತ್ರ ಊರಿನಲ್ಲಿ, ಹೆರಿಗೆ ಹೆಸರರಿಯದ ಊರಿನಲ್ಲಿ. ತವರಿನ ಹೊರಸಿಲ್ಲ, ಅಳ್ವಿಯ ಪಾಯಸವಿಲ್ಲ, ಅಂಟಿನುಂಡಿ ಕಟ್ಟುವ ಅವ್ವನಿಲ್ಲ. ತಾಡಪಾಲಿನ ಜೋಪಡಿಯಲ್ಲಿ ಹಸಿಬಾಣಂತಿ ಕೂಸನ್ನೂ ಒಲೆಯನ್ನೂ ಒಬ್ಬಳೇ ನೋಡಿಕೊಳ್ಳಬೇಕು.

ಸರಕಾರ ಸುಮ್ಮನೆ ಕುಳಿತಿಲ್ಲ. ಹೆರಿಗೆಕೋಣೆಯಲ್ಲಿ ಒಬ್ಬ ಜೊತೆಗಾತಿ ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ಅನುಮತಿ ಕೊಟ್ಟಿದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡಿತು. ಕಾಗದದ ಮೇಲಿನ ಅನುಮತಿ ಮಂಚದವರೆಗೆ ಬಾರದಿರುವುದಕ್ಕೆ ಕಾರಣಗಳು ಬಹಳ ಸಣ್ಣವು: ಮಂಚ ಮಂಚದ ನಡುವೆ ಪರದೆ ಇಲ್ಲದಿದ್ದರೆ ಒಬ್ಬಳ ಜೊತೆಗಾತಿ ಇನ್ನೊಬ್ಬಳ ಮಾನಕ್ಕೆ ಅಡ್ಡಿ, ಮಂದಿ ಹೆಚ್ಚಾದರೆ ದಾದಿಯ ಕೈಗೆ ಅಡ್ಡಿ. ಪರದೆಗೆ ಬಟ್ಟೆ ಬೇಕು, ಕೂಡಲು ಒಂದು ಸ್ಟೂಲು ಬೇಕು, ಜೊತೆಗಾತಿಗೆ ಏನು ಮುಟ್ಟಬಾರದೆಂದು ತಿಳಿಸಿ ಹೇಳುವ ಒಂದು ಗಳಿಗೆ ಬೇಕು. ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕುಳಿತಿರುವ ಮುದುಕಿ ಸೂಲಗಿತ್ತಿಯರಲ್ಲಿ ಕೆಲವರನ್ನಾದರೂ ಗೌರವಧನ ಕೊಟ್ಟು ತಾಲೂಕು ಆಸ್ಪತ್ರೆಗೆ ಕರೆಸಬಾರದೇಕೆ, ಹೆರಿಗೆಗಲ್ಲ, ಜೊತೆಗೆ? 2016ರ ಆ ಸೂಚನೆಯಲ್ಲಿ ಜೊತೆಗಾತಿಗೆ ಹೇಳಿರುವ ಅರ್ಹತೆಗಳಲ್ಲಿ ಒಂದು, ಆಕೆ ತಾನೂ ಒಮ್ಮೆ ಹೆತ್ತವಳಾಗಿರಬೇಕು ಎಂಬುದು.