ಬಳ್ಳಿಗೆ ಕಾಯುವ ಚಿಟ್ಟೆ, ಹನಿಗೆ ಕಾಯುವ ಹಾವಸೆ

ಕಾರವಾರ, ಅಂಕೋಲೆಗಳಲ್ಲಿ ಸಹ್ಯಾದ್ರಿಯು ಕಡಲಿನ ಸಮೀಪಕ್ಕೇ ಇಳಿದು ಬಂದಿದೆ. ಹೀಗಾಗಿ ಕಾಡಿನ ಜೀವಿಗಳು ಮನೆಯಂಗಳದ ಹತ್ತಿರವೇ ಕಾಣಸಿಗುತ್ತವೆ. ಅವುಗಳಲ್ಲಿ ಒಂದು, ಹಕ್ಕಿಯಂತೆ ತೇಲುವ ‘ಸದರ್ನ್ ಬರ್ಡ್‌ವಿಂಗ್’ (ಟ್ರಾಯ್ಡಿಸ್ ಮೈನಾಸ್). ಕರ್ನಾಟಕದ ರಾಜ್ಯ ಚಿಟ್ಟೆಯಾದ ಇದು ರೆಕ್ಕೆ ಬಿಚ್ಚಿದಾಗ ಸುಮಾರು 14ರಿಂದ 19 ಸೆಂ.ಮೀ. ಅಗಲ. ಇನ್ನೊಂದು, ಒದ್ದೆ ಕಲ್ಲು, ಗೋಡೆಗಳ ಮೇಲೆ ಬೆಳೆಯುವ ಪುಟ್ಟ ಹಾವಸೆ ‘ಹಯೋಫಿಲಾ ಇನ್ವಲ್ಯೂಟಾ’. ಮೊದಲನೆಯದನ್ನು ಜನ ಬೆರಗಿನಿಂದ ನೋಡುತ್ತಾರೆ. ಎರಡನೆಯದನ್ನು ಪಾಗಾರದಿಂದ ಕೆರೆದು ಹಾಕುತ್ತಾರೆ.

ಎರಡಕ್ಕೂ ಎರಡೆರಡು ರೂಪಗಳಿವೆ. ಆದರೆ ಅವು ಒಂದೇ ಬಗೆಯವಲ್ಲ. ಕಂಬಳಿಹುಳು ಕೋಶಾವಸ್ಥೆ ದಾಟಿ ಚಿಟ್ಟೆಯಾದಾಗ ರೂಪ ಬದಲಾಗುತ್ತದೆ, ಜೀವಿ ಅದೇ. ತಂದೆತಾಯಿಗಳಿಂದ ಬಂದ ಎರಡು ಜೊತೆ ವರ್ಣತಂತುಗಳು ಎರಡೂ ಹಂತಗಳಲ್ಲಿ ಇರುತ್ತವೆ. ಹಾವಸೆಯಲ್ಲಿ ಬದಲಾಗುವುದು ಪೀಳಿಗೆಯೇ. ಹಸಿರು ಗಿಡದಲ್ಲಿ ಒಂದೇ ಜೊತೆ ವರ್ಣತಂತು. ಗಂಡು ಜೀವಕೋಶ ನೀರಿನ ತೆಳು ಪದರದಲ್ಲಿ ಈಜಿ ಹೆಣ್ಣನ್ನು ಸೇರಿದರೆ, ಎರಡು ಜೊತೆಯುಳ್ಳ ಪುಟ್ಟ ಕಡ್ಡಿ ಮತ್ತು ಬೀಜಕದ ಸಂಪುಟ ಮೂಡುತ್ತವೆ. ಅದು ತಾಯಿ ಗಿಡದ ಮೇಲೆಯೇ ನಿಂತು ಅಲ್ಲಿಂದ ಆಹಾರ ಪಡೆಯುತ್ತದೆ.

ಎರಡರ ಬದುಕೂ ಒಂದೊಂದು ಆಸರೆಗೆ ಕಟ್ಟುಬಿದ್ದಿದೆ. ಬರ್ಡ್‌ವಿಂಗ್ ಮರಿಗೆ ಈಶ್ವರಿ ಬಳ್ಳಿ ಹಾಗೂ ಅದರ ಹತ್ತಿರದ ಬಂಧುಗಳ ಎಲೆಯೇ ಬೇಕು. ಅವುಗಳ ವಿಷ ಮರಿಯ ಮೈಯಲ್ಲಿ ಉಳಿದು ಹಕ್ಕಿಗಳಿಂದ ರಕ್ಷಣೆ ಕೊಡುತ್ತದೆ. ಬಳ್ಳಿ ಕಡಿದರೆ ಮೊಟ್ಟೆಯಿಡಲು ಚಿಟ್ಟೆಗೆ ನೆಲೆಯಿಲ್ಲ. ಹಾವಸೆಯಾದರೋ ಬಿಸಿಲಿಗೆ ಎಲೆಗಳನ್ನು ಒಳಕ್ಕೆ ಸುರುಳಿ ಮಾಡಿಕೊಂಡು, ಸತ್ತಂತೆ ತೋರುತ್ತ ಮಳೆಗಾಗಿ ಕಾಯುತ್ತದೆ. ಮಿಲನವಿಲ್ಲದೆಯೂ ಉದುರುವ ಪುಟ್ಟ ಮೊಗ್ಗುಗಳಿಂದ ಹೊಸ ಗಿಡ ಹುಟ್ಟಿಸಬಲ್ಲದು. ನೋಡಲು ಬಲಶಾಲಿಯಾದ ಚಿಟ್ಟೆಗಿಂತ ಕಷ್ಟಕಾಲ ದಾಟುವ ಕಲೆ ಹಾವಸೆಗೇ ಹೆಚ್ಚು ತಿಳಿದಿದೆ.

ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಒಣಗಿದ ಹಾವಸೆಗೆ ನಾಲ್ಕು ಹನಿ ನೀರು ಹಾಕಿ, ಭೂತಗನ್ನಡಿಯಲ್ಲಿ ಗಮನಿಸಲಿ. ಮುದುಡಿದ ಎಲೆಗಳು ಬಿಚ್ಚಿಕೊಳ್ಳುವುದು ಕಾಣುತ್ತದೆ. ಪಾಲಕರು ಬೇಲಿ ಸವರುವಾಗ ಈಶ್ವರಿ ಬಳ್ಳಿಯನ್ನು ಉಳಿಸಲಿ. ಆದರೆ ಮನೆಮದ್ದೆಂದು ಅದನ್ನು ಸೇವಿಸುವುದು ಬೇಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ಹಾನಿಕರ, ಕ್ಯಾನ್ಸರಿಗೂ ಕಾರಣ. ಹುಳುವಿಗೆ ರಕ್ಷೆಯಾದದ್ದು ಮನುಷ್ಯನಿಗೆ ವಿಷ. ಬಳ್ಳಿ ಬೇಲಿಯ ಮೇಲೆಯೇ ಇರಲಿ, ಚಿಟ್ಟೆ ಹುಡುಕಿಕೊಂಡು ಬರುತ್ತದೆ.